ಕಾಮಣ್ಣಗ ಹೋದದ್ದು

"ಯುಗಾದಿಯೊಳಗೆ ವರದಿ ಕೊಡಿ. ನಿಮಗೆ ಹೆಚ್ಚು ಕೆಲಸ ಇರಲಾರದು, ಹಳೇ ಗಿರಾಕಿ," ಎಂದು ಮ್ಯಾಜಿಸ್ಟ್ರೇಟರು ಕಡತವನ್ನು ನನ್ನತ್ತ ಸರಿಸಿದರು. ಎಂಬತ್ತರ ದಶಕದ ನಡುಭಾಗ. ಮೈಸೂರು ಸೀಮೆಯವನಾದ ನಾನು ಪ್ರೊಬೇಷನ್ ಆಫೀಸರನಾಗಿ ಧಾರವಾಡ ಜಿಲ್ಲೆಗೆ ಬಂದು ಇನ್ನೂ ಒಂದು ಬೇಸಿಗೆಯನ್ನೂ ಕಂಡಿರಲಿಲ್ಲ. ಜೋಳದ ರೊಟ್ಟಿ ಒಗ್ಗಿತ್ತು, ಭಾಷೆ ಅರ್ಧ ಒಗ್ಗಿತ್ತು. ಒಗ್ಗದೆ ಉಳಿದ ಅರ್ಧವೇ ಮುಂದೆ ನನ್ನ ಮಾನ ಕಳೆಯಿತು.

ಕಡತದ ಆಸಾಮಿ ಮೊರಬದಿಂದಾಚೆಯ ಒಂದು ಹಳ್ಳಿಯ ಕೂಲಿಯಾಳು, ಮೂವತ್ತರ ಆಸುಪಾಸಿನವನು. ಹಳ್ಳದ ದಂಡೆಯ ಪಂಪ್‌ಸೆಟ್ಟಿನಿಂದ ಹಿತ್ತಾಳೆಯ ಫುಟ್‌ವಾಲ್ವ್ ಬಿಚ್ಚಿ, ಚೀಲಕ್ಕೆ ಹಾಕಿಕೊಂಡು ಬಸ್ ಹತ್ತುವಾಗ ಸಿಕ್ಕಿಬಿದ್ದಿದ್ದ. ಫುಟ್‌ವಾಲ್ವ್ ಎಂದರೆ ನೀರಿನಲ್ಲಿ ಮುಳುಗಿರುವ ಪೈಪಿನ ಬುಡಕ್ಕೆ ಕೂರಿಸುವ ಕವಾಟ. ಅದಿಲ್ಲದಿದ್ದರೆ ಪಂಪು ನೀರೆತ್ತುವುದಿಲ್ಲ. ತಪ್ಪನ್ನು ಒಪ್ಪಿಕೊಂಡಿದ್ದ. ಇದಕ್ಕೆ ಮೊದಲು ಮೂರು ಸಲ ಕಳವಿಗಾಗಿಯೇ ಶಿಕ್ಷೆಯಾಗಿತ್ತು. ಹಾಗೆ ಮತ್ತೆ ಮತ್ತೆ ಸಿಕ್ಕಿದವನಿಗೆ ಹೆಚ್ಚಿನ ಶಿಕ್ಷೆ ಕೊಡಲು ಕಾನೂನಿನಲ್ಲಿ ಬೇರೆಯೇ ಕಲಮಿದೆ, ಅದನ್ನು ಹಚ್ಚಬೇಕೆಂದು ಸರ್ಕಾರಿ ವಕೀಲರು ಕೇಳಿದ್ದರು. ಆಸಾಮಿಯ ಪರ ನಿಂತ ತರುಣ ವಕೀಲರು, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ನಮ್ಮ ಇಲಾಖೆಯ ನಿಗಾದಲ್ಲಿ ಮನೆಗೆ ಬಿಡಿ ಎಂದು ಅರ್ಜಿ ಹಾಕಿದ್ದರು. ಒಂದು ಕಡೆ ವರ್ಷಗಟ್ಟಲೆ ಜೈಲು, ಇನ್ನೊಂದು ಕಡೆ ಮನೆ. ತೀರ್ಮಾನ ಮ್ಯಾಜಿಸ್ಟ್ರೇಟರದೇ. ಆದರೆ ಅದಕ್ಕೆ ಮೊದಲು ಅವನ ಮನೆ, ದುಡಿಮೆ, ಒಡನಾಟ, ಹಿಂದಿನ ಕಳವುಗಳು ಎಲ್ಲವನ್ನೂ ವಿಚಾರಿಸಿ ನಾನು ಗುಪ್ತ ವರದಿ ಕೊಡಬೇಕು.

ಯುಗಾದಿಯ ಗಡುವಿಗೆ ಇನ್ನೊಂದು ಅರ್ಥವೂ ಇತ್ತು. ಆ ಸೀಮೆಯಲ್ಲಿ ವರ್ಷದ ಆಳುಗಳನ್ನು ಗೊತ್ತುಮಾಡಿಕೊಳ್ಳುವುದು ಯುಗಾದಿಯ ಪಾಡ್ಯಕ್ಕೆ. ಆ ದಿನ ತಪ್ಪಿಸಿಕೊಂಡವನಿಗೆ ಮುಂದಿನ ಪಾಡ್ಯದವರೆಗೆ ಬಿಡಿ ಕೂಲಿಯೇ ಗತಿ.

ಮೊದಲು ಸಬ್‌ಜೈಲಿಗೆ ಹೋದೆ. ಜಾಮೀನು ನಿಲ್ಲಲು ಊರಿನವರಾರೂ ಬಾರದೆ ಆಸಾಮಿ ಅಲ್ಲೇ ಇದ್ದ. ತೆಳ್ಳಗೆ, ಎತ್ತರಕ್ಕೆ, ಬಾಗಿಲಿನ ಮೂಲಕ ಬರುವಾಗ ತಲೆ ತಗ್ಗಿಸುವ ಅಭ್ಯಾಸವಾದವನು. ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರ ಕೊಟ್ಟ. ಫುಟ್‌ವಾಲ್ವ್ ತಾನೇ ತೆಗೆದದ್ದು. ಅದಕ್ಕೆ ಮುಂಚೆ ಒಂದು ತಂತಿಯ ಸುರುಳಿ, ಅದೂ ತಾನೇ. ಅದಕ್ಕೆ ಮುಂಚೆ ಪಂಪಿನ ಬೆಲ್ಟು, ಅದು ಮಾತ್ರ ತನ್ನದಲ್ಲ ಎಂದ. ನನ್ನದಲ್ಲ ಎನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೆ. ಸುಮ್ಮನೆ ಬರೆದುಕೊಂಡು, "ಎಲ್ಲಕ್ಕಿಂತ ಮೊದಲು ಕದ್ದಿದ್ದು?" ಎಂದೆ.

"ಅದು ಕಳವಲ್ರಿ ಸಾಹೇಬ್ರ. ಅದು ಕಾಮಣ್ಣಗ ಹೋಗಿದ್ದು."

"ಯಾವ ಕಾಮಣ್ಣ?"

"ನಮ್ಮೂರ ಕಾಮಣ್ಣರೀ," ಎಂದ.

ಅದರ ಮೇಲೆ ನಾನು ಕೇಳಲೇ ಇಲ್ಲ. ನನ್ನ ಎದೆ ಆಗಲೇ ಹಿಗ್ಗಿಬಿಟ್ಟಿತ್ತು. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು: ಪದೇ ಪದೇ ಕದಿಯುವವನ ಹಿಂದೆ ಕದ್ದ ಮಾಲು ಕೊಳ್ಳುವವನೊಬ್ಬ ಇದ್ದೇ ಇರುತ್ತಾನೆ, ಅವನನ್ನು ಹುಡುಕಿ. ನನಗೆ ಮೊದಲ ದಿನವೇ ಹೆಸರು ಸಮೇತ ಸಿಕ್ಕಿಬಿಟ್ಟ. ಕದ್ದ ಮಾಲು ಅದೇ ಗ್ರಾಮದ ಕಾಮಣ್ಣ ಎಂಬಾತನಿಗೆ ಸಂದಾಯವಾಗಿದೆ ಎಂದು ಬರೆದು ಅಡಿಗೆರೆ ಹಾಕಿದೆ.

ಅಲ್ಲಿಂದ ಸೀದಾ ಪೊಲೀಸ್ ಠಾಣೆಗೆ ಹೋದೆ. ಹವಾಲ್ದಾರರು ದಪ್ಪ ಮೀಸೆಯ, ನಿಧಾನ ಮಾತಿನ ಮನುಷ್ಯ. ಕದ್ದ ಮಾಲು ಕೊಳ್ಳುವ ಆ ಕಾಮಣ್ಣನ ವಿಳಾಸ ಬೇಕು ಎಂದೆ. ಅವರು ಪೆನ್ನು ಕೆಳಗಿಟ್ಟು, ಒಳಗಿದ್ದ ಇಬ್ಬರು ಪೇದೆಗಳನ್ನು ಕರೆದು, ಸಾಹೇಬರು ಇನ್ನೊಮ್ಮೆ ಹೇಳಲಿ ಎಂದು ಕೂರಿಸಿಕೊಂಡರು. ನಾನು ಇನ್ನೊಮ್ಮೆ ಹೇಳಿದೆ.

"ಭಾಳ ದೊಡ್ಡ ಕುಳ ಐತ್ರಿ ಅದು," ಎಂದರು ಹವಾಲ್ದಾರರು, ಮುಖದ ಒಂದು ಗೆರೆಯೂ ಸಡಿಲಿಸದೆ. "ಒಂದೂರಲ್ಲ, ಈ ತಾಲೂಕಿನ ಎಲ್ಲಾ ಊರಾಗೂ ಕದ್ದ ಮಾಲು ಅಂವಗ ಹೋಗತೈತಿ. ಹಿಡಿಯೂಣು ಅಂದ್ರ ಸಿಗೂದಿಲ್ಲ. ಹುಣ್ಣಿಮಿಗೆ ಬಂದು ಊರ ಮುಂದ ಕುಂದರತಾನ. ನಾವು ಹೋಗೂದ್ರೊಳಗ ಬೂದಿ ಆಗಿರತಾನ."

ಪೇದೆಗಳು ಗೋಡೆಗೆ ಮುಖ ಮಾಡಿ ನಗುತ್ತಿದ್ದರು. ಹೋಳಿ ಹುಣ್ಣಿಮೆಯ ಕಾಮ. ನಮ್ಮ ಕಡೆಯೂ ಕಾಮನನ್ನು ಸುಡುತ್ತಾರೆ, ಆದರೆ ಅವನಿಗೆ ಯಾರೂ ಅಣ್ಣ ಅನ್ನುವುದಿಲ್ಲ. ಆ ಅಣ್ಣ ನನ್ನನ್ನು ಕೆಡಿಸಿತು. ಆ ತಾಲೂಕಿನಲ್ಲಿ ಇರುವವರೆಗೂ ಹವಾಲ್ದಾರರು ನನ್ನನ್ನು ಕಂಡಾಗಲೆಲ್ಲ, "ಕಾಮಣ್ಣ ಸಿಕ್ಕನೇನ್ರಿ?" ಎಂದು ಕೇಳುವುದನ್ನು ಬಿಡಲಿಲ್ಲ.

ನಗು ಮುಗಿದ ಮೇಲೆ ಅವರೇ ಬಿಡಿಸಿ ಹೇಳಿದರು. ಹೋಳಿಯ ಮುಂಚಿನ ದಿನಗಳಲ್ಲಿ ಊರ ಹುಡುಗರು ಕಾಮಣ್ಣನನ್ನು ಸುಡಲು ಕಟ್ಟಿಗೆ, ಕುಳ್ಳು ಎಂದರೆ ಬೆರಣಿ, ಕದಿಯುತ್ತಾರೆ. ಬೇಡಿ ತಂದದ್ದು ಲೆಕ್ಕಕ್ಕಿಲ್ಲ, ಕದ್ದೇ ತರಬೇಕು. ಹಳೇ ಬಾಗಿಲು, ಮುರಿದ ಹೊರಸು ಮಂಚ, ನಿಚ್ಚಣಿಕೆ, ಏನು ಸಿಕ್ಕಿದರೂ ಸರಿ. ಕಳೆದುಕೊಂಡವನು ನಾಲ್ಕು ಬೈಗಳು ಬೈದು ಸುಮ್ಮನಾಗುತ್ತಾನೆ. ಯಾರಾದರೂ ಕೇಳಿದರೆ ಕಳವಾಯಿತು ಅನ್ನುವುದಿಲ್ಲ, ಕಾಮಣ್ಣಗ ಹೋಯಿತು ಅನ್ನುತ್ತಾನೆ.

"ನೀವೂ ಕದ್ದಿದ್ದೀರಾ?" ಎಂದೆ.

"ನಮ್ಮ ಸಾಲಿ ಮಾಸ್ತರ ಖುರ್ಚಿ," ಎಂದರು ಹವಾಲ್ದಾರರು. ದನಿಯಲ್ಲಿ ಇನ್ನೂ ಹೆಮ್ಮೆಯಿತ್ತು.

"ಹಾಗಿದ್ದರೆ ಇವನಿಗೆ ಯಾಕೆ ಶಿಕ್ಷೆಯಾಯಿತು?"

"ತೊಟ್ಟಲಕ್ಕ ಕೈ ಹಾಕಿದ್ರಿ. ತೊಟ್ಟಲಾ, ನೇಗಲಾ, ಇವೆರಡು ಬಿಟ್ಟು ಏನರ ಒಯ್ರಿ ಅಂತ ನಮ್ಮ ಕಡೆ ರೂಢಿ. ಇಂವ ಗೌಡರ ಮನಿ ತೊಟ್ಟಲಾ ಒಯ್ದು ಹಾಕಿದ. ಗೌಡರು ಫಿರ್ಯಾದಿ ಕೊಟ್ಟರು. ಅವತ್ತ ಗೊತ್ತಾತು ನೋಡ್ರಿ, ಇವನ ರಕ್ತದಾಗ ಐತಿ ಅಂತ."

ಹುಣ್ಣಿಮೆಯ ದಿನ ಬೆಳಿಗ್ಗೆ ಹಳ್ಳಿಗೆ ಹೋದೆ. ಬಸ್ ಇಳಿದು ಎರೆಹೊಲದ ನಡುವೆ ನಡೆದು ಊರು ಮುಟ್ಟುವಾಗಲೇ ಹೋಳಿಯ ಹಲಗೆ ಬಾರಿಸುವ ಸದ್ದು ಕೇಳುತ್ತಿತ್ತು. ಊರ ಮುಂದೆ ಕಂಡ ರಾಶಿಯನ್ನು ನೋಡಿ ನಿಂತುಬಿಟ್ಟೆ. ಮನೆಯ ಮಾಡಿನಷ್ಟು ಎತ್ತರ. ಬಾಗಿಲು, ತೊಲೆ, ಗಾಡಿಯ ಗಾಲಿ, ಬೆಂಚು, ಹಿಟ್ಟಿನ ಗಿರಣಿಯ ಬೋರ್ಡು, ಪಂಚಾಯ್ತಿ ಕಟ್ಟೆಯ ಕಂಬ. ಇಡೀ ಊರು ತನ್ನನ್ನೇ ಕದ್ದು ತಂದು ಅಲ್ಲಿ ಪೇರಿಸಿದಂತಿತ್ತು. ಸುತ್ತ ನಿಂತವರು ತಮ್ಮ ತಮ್ಮ ಸಾಮಾನು ಗುರುತಿಸುತ್ತಿದ್ದರು. ಮುದುಕನೊಬ್ಬ ಗಾಲಿಯನ್ನು ತೋರಿಸಿ, "ನಂದರಿ ಅದು. ಹೋದ ವರ್ಷ ಒಂದು ಹೋಗಿತ್ತು. ಈಗ ಜೋಡಿ ಆತು," ಎಂದು ಬೊಚ್ಚು ಬಾಯಿ ತೆರೆದು ನಕ್ಕ. ನಾನು ಕಚೇರಿಯ ಮನುಷ್ಯ, ಚೀಟಿಯಿಲ್ಲದೆ ಪೆನ್ಸಿಲನ್ನೂ ಯಾರಿಗೂ ಕೊಟ್ಟವನಲ್ಲ. ಇಷ್ಟೊಂದು ಕಳವು, ಇಷ್ಟೊಂದು ಸಂತೋಷ, ಒಂದೇ ಒಂದು ಫಿರ್ಯಾದು ಇಲ್ಲ. ಬೆರಗಾದೆ.

ಆ ಮುದುಕನನ್ನೇ ಆಸಾಮಿಯ ಬಗ್ಗೆ ಕೇಳಿದೆ. ನಗು ನಿಂತಿತು. "ಅಂವ ಕಳ್ಳರಿ," ಎಂದ.

ಶಾಲೆಯ ಮೇಷ್ಟರು ಸಿಕ್ಕರು. ಆಸಾಮಿಯ ಓರಗೆಯವರು, ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. "ಬಡತನ ಕಾರಣರಿ. ಹೊಟ್ಟಿಗಿಲ್ಲದಾಂವ ಕಳವು ಮಾಡದ ಏನ ಮಾಡಬೇಕು?" ಎಂದರು. ಅದು ನನಗೂ ಸರಿ ಅನ್ನಿಸುತ್ತಿತ್ತು, ಆ ಓಣಿಗೆ ಹೋಗುವವರೆಗೆ. ಆ ಓಣಿಯಲ್ಲಿ ಎಲ್ಲರೂ ಬಡವರೇ. ಅವನ ಸ್ವಂತ ಅಣ್ಣನೇ ಪಕ್ಕದ ಮನೆಯಲ್ಲಿದ್ದ, ಅದೇ ಕೂಲಿ, ಅದೇ ರೊಟ್ಟಿ. ಯಾರೊಬ್ಬರ ಮೇಲೂ ಪ್ರಕರಣವಿರಲಿಲ್ಲ. ಅವನ ತಂದೆ ಇದ್ದಾಗ ಸುಗ್ಗಿಯಲ್ಲಿ ಊರ ಕಣ ಕಾಯುತ್ತಿದ್ದನಂತೆ, ಒಂದು ಹಿಡಿ ಜೋಳವೂ ಕಡಿಮೆಯಾದದ್ದಿಲ್ಲವಂತೆ. ಹವಾಲ್ದಾರರ ರಕ್ತದ ಮಾತೂ ಅಲ್ಲಿಗೆ ನಿಂತಿತು. ತಂದೆ, ತಾಯಿ, ಮನೆ ಎಲ್ಲ ನೆಟ್ಟಗಿದ್ದುದರಿಂದ, ಒಡೆದ ಸಂಸಾರದ ಮಕ್ಕಳೇ ದಾರಿ ತಪ್ಪುವುದೆಂಬ ನನ್ನ ತರಬೇತಿಯ ಪಾಠವೂ ಉಪಯೋಗಕ್ಕೆ ಬರಲಿಲ್ಲ.

ಪಂಪಿನ ಮಾಲೀಕನ ಹೊಲಕ್ಕೂ ಹೋದೆ. ಗೋಧಿ ತೆನೆಗೆ ಹಾಲು ತುಂಬುವ ಹೊತ್ತಿನಲ್ಲೇ ನೀರು ನಿಂತಿತ್ತು. ಆತ ಒಂದು ತೆನೆ ಕಿತ್ತು ನನ್ನ ಅಂಗೈಯಲ್ಲಿ ಉಜ್ಜಿ ತೋರಿಸಿದ. ಕಾಳು ಜೊಳ್ಳು. "ಅಂವಗ ಬುದ್ಧಿ ಹೇಳಾಕ ಬಂದೀರೋ, ನನಗ ಹೇಳಾಕ ಬಂದೀರೋ?" ಎಂದ. ಅವನ ಸಿಟ್ಟು ನ್ಯಾಯದ್ದು. ಕಳವಿಗೆ ಕಾರಣ ಹುಡುಕುವವನು ಆ ಜೊಳ್ಳು ಕಾಳನ್ನು ಜೇಬಿನಲ್ಲಿಟ್ಟುಕೊಂಡೇ ಹುಡುಕಬೇಕು. ನಾನು ನಿಜವಾಗಿಯೂ ಇಟ್ಟುಕೊಂಡೆ.

ಆಮೇಲೆ ಆಸಾಮಿಯ ಮನೆ. ಒಂದೇ ಅಂಕಣ, ಮಣ್ಣಿನ ಗೋಡೆ. ತಾಯಿ ಮತ್ತು ಹೆಂಡತಿ ಇದ್ದರು. ಮನೆಯ ಮುಂದೆ ಹತ್ತಿಕಟ್ಟಿಗೆಯ ಹೊರೆ, ಜಾಲಿಯ ಬೊಡ್ಡೆ, ಅಚ್ಚುಕಟ್ಟಾಗಿ ಒಟ್ಟಿದ ಕುಳ್ಳು. ಎರಡೂ ಕಡೆಯ ಮನೆಗಳ ಅಂಗಳ ಗುಡಿಸಿ ಹಾಕಿದಂತೆ ಖಾಲಿಯಾಗಿತ್ತು. ಇಷ್ಟು ಹೊತ್ತಿಗೆ ಊರಿನ ರೂಢಿ ಬಲ್ಲವನಂತೆ ನಾನು, "ನಿಮ್ಮ ಕಟ್ಟಿಗೆ ಹೇಗೆ ಉಳಿಸಿಕೊಂಡಿರಿ ತಾಯಿ?" ಎಂದು ತಮಾಷೆ ಮಾಡಿದೆ.

"ನಾವೇನ ಉಳಿಸಿಕೊಂಡಿಲ್ಲೋ ಯಪ್ಪಾ," ಎಂದಳು ಮುದುಕಿ. "ನಮ್ಮ ಮನಿದು ಯಾರೂ ಮುಟ್ಟೂದಿಲ್ಲ. ಕಳ್ಳನ ಮನಿ ಕಟ್ಟಿಗಿ ಕಾಮಣ್ಣಗ ನಡಿಯೂದಿಲ್ಲ ಅಂತಾರ. ಹಿಂದಾಗಡೆ ಒಮ್ಮೆ ನಾನ ಹೊತಗೊಂಡು ಹೋಗಿ ಹಾಕಾಕ ಹೋಗಿದ್ನಿ. ಬ್ಯಾಡ ಒಯ್ಯಬೇ ಅಂದ್ರು."

ಆಕೆ ಅಳಲಿಲ್ಲ. ಕುಳ್ಳಿನ ಒಟ್ಟಿಲಿನಿಂದ ಜಾರಿದ್ದ ಒಂದನ್ನು ಎತ್ತಿ ಸರಿಯಾಗಿ ಇಟ್ಟಳು. ಜೈಲಿನ ಶಿಕ್ಷೆಗೆ ಕೊನೆಯ ದಿನ ಅಂತ ಒಂದಿರುತ್ತದೆ. ಈ ಶಿಕ್ಷೆಗೆ ಯಾರೂ ದಿನ ಬರೆದಿರಲಿಲ್ಲ.

ಇನ್ನುಳಿದದ್ದು ಗೌಡರ ಮನೆ. ಗೌಡರು ತೀರಿಕೊಂಡಿದ್ದರು. ಗೌಡಸಾನಿ, ಅವರ ಹೆಂಡತಿ, ಬರಿಯ ಹಣೆಗೆ ವಿಭೂತಿ ಹಚ್ಚಿಕೊಂಡು, ಸೆರಗು ತಲೆಯ ಮೇಲೆ ಹೊದ್ದು ಪಡಸಾಲೆಯಲ್ಲಿ ಕೂತಿದ್ದರು. ಮಗ ಹುಬ್ಬಳ್ಳಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆಂದು ಊರಿನವರು ಹೇಳಿದ್ದರು. ಚಹಾ ಬಂತು. ತೊಟ್ಟಿಲಿನ ಮಾತು ತೆಗೆದೆ.

"ಕಲಘಟಗಿ ತೊಟ್ಟಲರಿ. ನನ್ನ ತವರಿನವರು ಮಾಡಿಸಿ ಕೊಟ್ಟಿದ್ದು. ಬಣ್ಣ ಅಂದ್ರ ಏನ ಬಣ್ಣ, ನೋಡಿದವರು ಕೂಸಿನ್ನ ಬಿಟ್ಟು ತೊಟ್ಟಲಾ ನೋಡತಿದ್ರು. ಬಿಚ್ಚಿ ಅಟ್ಟದ ಮ್ಯಾಲೆ ಇಟ್ಟಿದ್ವಿ."

ಕಳವಾದ ಜಾಗವನ್ನು ನೋಡುವುದು ವಿಚಾರಣೆಯ ಕ್ರಮ. ಎಷ್ಟೋ ವರ್ಷದ ಹಿಂದಿನ ಕಳವಿಗೆ ಅದರ ಅಗತ್ಯವೇನೂ ಇರಲಿಲ್ಲ, ಆದರೆ ನಾನು ಕ್ರಮ ಬಿಡುವ ಪೈಕಿಯಲ್ಲ. ನೋಡಬಹುದೇ ಎಂದೆ. ಗೌಡಸಾನಿ ಎದ್ದು, ಸೊಂಟದ ಕೀಲಿಕೈ ಗೊಂಚಲು ಸರಿಮಾಡಿಕೊಂಡು, ತಾವೇ ಮುಂದೆ ನಡೆದರು.

ಪಡಸಾಲೆ ದಾಟಿ, ಅಡುಗೆಮನೆ ದಾಟಿ, ದೇವರ ಕೋಣೆಯ ಪಕ್ಕದ ಕತ್ತಲೆಯ ಮೂಲೆಯಲ್ಲಿ ನಿಚ್ಚಣಿಕೆ. ಮೇಲೆ ಹತ್ತಿದರೆ ಅಟ್ಟ. ಹಿಂದಿನ ಗೋಡೆಯಲ್ಲಿ ದನದ ಮೇವಿನ ಸೊಪ್ಪು ಕಣಿಕೆ ಎತ್ತಿಕೊಳ್ಳಲು ಮಾಡಿದ ಒಂದು ಚಿಕ್ಕ ಕದ. ಅದಕ್ಕೆ ಒಳಗಡೆ ತೋಳುದ್ದದ ಅಗುಳಿ. ಹೊರಗಿನಿಂದ ಕೈ ಹಾಕಲು ಸಂದಿಲ್ಲ, ಒಡೆದು ರಿಪೇರಿ ಮಾಡಿದ ಗುರುತಿಲ್ಲ. ಕೆಳಗೆ ನೋಡಿದೆ, ಹಿತ್ತಲ ಗೋಡೆ, ಅದರಾಚೆ ಓಣಿ. ಕೂಲಿಯವರ ಮಗನೊಬ್ಬ ಅಡುಗೆಮನೆ, ದೇವರ ಕೋಣೆ ದಾಟಿ ಈ ಅಟ್ಟಕ್ಕೆ ಬರುವ ಮಾತೇ ಇಲ್ಲ. ಕದವನ್ನು ಒಳಗಿನವರೇ ಯಾರೋ ತೆಗೆದಿರಬೇಕು.

ನಾನು ಇಳಿದು ಬಂದಾಗ ಗೌಡಸಾನಿ ನಿಚ್ಚಣಿಕೆಯ ಬುಡದಲ್ಲೇ ನಿಂತಿದ್ದರು.

"ನೋಡಿದ್ರ್ಯಾ?"

"ನೋಡಿದೆ."

"ಗೌಡರು ಇದ್ದಾಗ ನನಗ ಬಾಯಿ ಬಿಡಾಕ ಆಗಲಿಲ್ಲ. ಆಮ್ಯಾಲೆ ಬಿಡಬೇಕಂದ್ರ ಯಾರೂ ಕೇಳಾಕ ಬರಲಿಲ್ಲ," ಎಂದರು. ಅಷ್ಟೇ. ಮತ್ತೆ ಪಡಸಾಲೆಗೆ ಬಂದು, ಚಹಾ ಆರಿದೆ, ಇನ್ನೊಂದು ಮಾಡಿಸಲೇ ಎಂದು ಕೇಳಿದರು.

ಮಾರನೆಯ ದಿನ ಸಬ್‌ಜೈಲಿನಲ್ಲಿ ಆಸಾಮಿಯ ಎದುರು ಮತ್ತೆ ಕೂತೆ. ಕಾಮಣ್ಣ ಯಾರೆಂದು ಗೊತ್ತಾಯಿತು ಎಂದೆ. ಅವನಿಗೆ ಸುದ್ದಿ ಮೊದಲೇ ಮುಟ್ಟಿತ್ತು, ಮುಖ ತಗ್ಗಿಸಿ ನಕ್ಕ. ಅಟ್ಟದ ಕದ ತೆಗೆದವರು ಯಾರು ಎಂದಾಗ ನಗು ಹೋಯಿತು.

"ಅದನ್ಯಾಕ ಈಗ ಕೆದಕತೀರಿ ಸಾಹೇಬ್ರ. ಹೆಗಲ ಮ್ಯಾಲೆ ತೊಟ್ಟಲದ ಕಾಲು ಇಟಗೊಂಡು ಸಿಕ್ಕಾಂವ ನಾನು."

"ನೀನು ಹೆಸರು ಹೇಳಬಹುದಿತ್ತು."

"ಗೆಳ್ಯಾರಿ ಅಂವ. ಕತ್ತಲದಾಗ ಅವಗೂ ತೊಟ್ಟಲಾ ಅಂತ ತಿಳಿದಿದ್ದಿಲ್ಲ. ಕಟ್ಟಿಗಿ ಇದ್ದಂಗ ಇತ್ತು, ಒಬ್ಬೊಬ್ಬರು ಒಂದೊಂದು ತುಂಡು ಹೊತಗೊಂಡ್ವಿ. ಹೆಸರ ಹೇಳಿದ್ರ ಗೌಡರು ಅವನ್ನ ಕೊಂದ ಹಾಕತಿದ್ರು."

ಒಬ್ಬೊಬ್ಬರು ಎಂದರೆ ಯಾರು ಯಾರು ಎಂದು ಕೇಳಿದೆ. ಹೆಸರು ಹೇಳಲಿಲ್ಲ, ಕಸುಬು ಹೇಳಿದ. ಒಬ್ಬ ಬಸ್ ಕಂಡಕ್ಟರ್. ಒಬ್ಬ ಸೊಸೈಟಿಯ ಗುಮಾಸ್ತ. ಒಬ್ಬ ಊರಿನ ಶಾಲೆಯ ಮೇಷ್ಟರು. ಬಡತನವೇ ಕಾರಣ ಎಂದವರು, ಜೇಬಿನಲ್ಲಿ ಎರಡು ಪೆನ್ನಿದ್ದವರು.

ಮುಂದಿನದನ್ನು ಅವನೇ ಹೇಳಿದ. ಮೊದಲ ಶಿಕ್ಷೆ ಮುಗಿಸಿ ಬಂದ ಕೆಲವು ತಿಂಗಳಿಗೆ ಯಾರದೋ ಪಂಪಿನ ಬೆಲ್ಟು ಕಳೆಯಿತು. ಇಂಥದು ಮಾಡುವವನು ಊರಿಗೆ ಒಬ್ಬನೇ ಎಂದು ಅವನ ಮನೆಗೆ ಬಂದರು. ಒಪ್ಪಿಕೊಂಡುಬಿಡು, ಒಳಗಿದ್ದ ದಿನಗಳನ್ನೇ ಶಿಕ್ಷೆಯೆಂದು ಲೆಕ್ಕ ಹಿಡಿದು ಬಿಡುತ್ತಾರೆ, ಇಲ್ಲವಾದರೆ ಸುಗ್ಗಿ ಮುಗಿಯುವ ತನಕ ತಾರೀಖು ಬೀಳುತ್ತದೆ ಎಂದರು ಯಾರೋ. ಸುಗ್ಗಿ ತಪ್ಪಬಾರದೆಂದು ಒಪ್ಪಿಕೊಂಡ. ಅಲ್ಲಿಗೆ ಎರಡಾಯಿತು. ಎರಡಾದ ಮೇಲೆ ಯಾರೂ ವರ್ಷದ ಆಳಾಗಿ ಇಟ್ಟುಕೊಳ್ಳಲಿಲ್ಲ.

"ತಂತಿ?"

"ಅದು ನಾನ ತಗೊಂಡಿದ್ದರಿ. ಸುಳ್ಳ ಯಾಕ ಹೇಳೂದು. ಏನ ಹೋದ್ರೂ ಮದಲ ನನ್ನ ಮನಿಗೇ ಬರತಾರ. ತಗೊಳ್ಳದಾಂವಂದೂ ಅದ ಹಣೇಬರಾ, ತಗೊಂಡಾಂವಂದೂ ಅದ ಹಣೇಬರಾ. ಅಂದಮ್ಯಾಲೆ ತಗೊಂಡಬಿಡೂಣು ಅನ್ನಿಸ್ತು."

ನಾನು ಓದಿದ ಪುಸ್ತಕಗಳಲ್ಲಿ ಪದೇ ಪದೇ ಕಳವು ಮಾಡುವವನ ಮನಸ್ಸಿನ ಬಗ್ಗೆ ಅಧ್ಯಾಯಗಳೇ ಇದ್ದವು. ಈ ನಾಲ್ಕು ಮಾತು ಯಾವ ಅಧ್ಯಾಯದಲ್ಲೂ ಇರಲಿಲ್ಲ. ಕಳ್ಳ ಎಂಬವನು ನಮ್ಮಿಂದ ಬೇರೆ ಜಾತಿಯ ಪ್ರಾಣಿ, ಅವನು ಹುಟ್ಟುವುದೇ ಹಾಗೆ ಎಂದು ನಂಬಿಕೊಂಡ ಊರಿನಲ್ಲಿ ಎಲ್ಲರಿಗೂ ಒಳ್ಳೆಯ ನಿದ್ದೆ ಬರುತ್ತದೆ. ಇಲ್ಲಿ ಒಂದೇ ತೊಟ್ಟಿಲನ್ನು ಗೆಳೆಯರೆಲ್ಲ ಹೊತ್ತಿದ್ದರು. ಸಿಕ್ಕಿಬಿದ್ದವನು ಒಬ್ಬ. ಉಳಿದವರು ಆ ದಿನ ತಪ್ಪಿಸಿಕೊಂಡದ್ದರಿಂದ ಒಳ್ಳೆಯವರಾಗಿ ಉಳಿಯಲು ಅವಕಾಶವಾಯಿತು. ಹಾಗೆಂದು ಇವನು ಮುಗ್ಧನಲ್ಲ. ಜೊಳ್ಳು ಗೋಧಿ ನನ್ನ ಜೇಬಿನಲ್ಲೇ ಇತ್ತು. ಅವನು ಕಳ್ಳ ಹೌದು, ಆದರೆ ಕಳ್ಳನಾದದ್ದು ಕಳ್ಳ ಅನ್ನಿಸಿಕೊಂಡ ಮೇಲೆ.

ವರದಿ ಬರೆಯಲು ಕೂತಾಗ ನಿಜವಾದ ಕಷ್ಟ ಶುರುವಾಯಿತು. ನಮ್ಮ ಕಚೇರಿಯ ಹಿರಿಯರು, ಪ್ರೊಬೇಷನ್ ಏನಿದ್ದರೂ ಮೊದಲ ಸಲ ತಪ್ಪು ಮಾಡಿದವರಿಗೆ, ನಾಲ್ಕನೆಯ ಸಲದವನಿಗೆ ಶಿಫಾರಸು ಮಾಡಿದರೆ ಕೋರ್ಟಿನಲ್ಲಿ ನಗುತ್ತಾರೆ ಎಂದರು. ಎಲ್ಲರೂ ಹಾಗೇ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ಆದರೂ ಕಾಮಣ್ಣನ ಪೆಟ್ಟು ಹಸಿಯಾಗಿತ್ತು. ತಿಳಿದಿದ್ದೇನೆ ಅಂದುಕೊಂಡದ್ದನ್ನು ಇನ್ನೊಮ್ಮೆ ಕೇಳಿ ನೋಡಬೇಕೆಂಬ ಬುದ್ಧಿ ಬಂದಿತ್ತು. ಕಾಯಿದೆಯ ಪುಸ್ತಕ ತೆಗೆದು ಸಾಲು ಸಾಲಾಗಿ ಓದಿದೆ. ಎಚ್ಚರಿಕೆ ಕೊಟ್ಟು ಬಿಟ್ಟುಬಿಡುವ ಮೂರನೆಯ ಕಲಮಿಗೆ ಹಿಂದೆ ಶಿಕ್ಷೆಯಾಗಿರಬಾರದು. ಮುಚ್ಚಳಿಕೆಯ ಮೇಲೆ ಬಿಡುವ ನಾಲ್ಕನೆಯ ಕಲಮಿನಲ್ಲಿ ಆ ಮಾತೇ ಇಲ್ಲ. ಅಪರಾಧದ ಬಗೆ ನೋಡಿ, ಮನುಷ್ಯನ ನಡತೆ ನೋಡಿ ಎಂದಷ್ಟೇ ಇದೆ. ಜೊತೆಗೆ ಒಂದು ಷರತ್ತು: ಅವನಿಗೋ ಅವನ ಜಾಮೀನುದಾರನಿಗೋ ನೆಲೆಯಾದ ಮನೆ ಇಲ್ಲವೆ ಖಾಯಂ ದುಡಿಮೆ ಇರಬೇಕು.

ಶಿಫಾರಸು ಮಾಡುವುದೆಂದು ತೀರ್ಮಾನಿಸಿದೆ. ಗೌಡಸಾನಿಯ ಮಗನ ವಿಷಯ ಬರೆಯಲಿಲ್ಲ, ಅದು ನಾನು ಕಂಡದ್ದಲ್ಲ. ಅಟ್ಟದ ಕದಕ್ಕೆ ಒಳಗಿನಿಂದ ಮಾತ್ರ ಅಗುಳಿಯಿದೆ ಎಂಬ ಒಂದು ವಾಕ್ಯ ಬರೆದೆ, ಅದು ಕಂಡದ್ದು. ಹೋಳಿಯ ರೂಢಿಯನ್ನು ಬರೆದೆ, ಪಂಪಿನ ಮಾಲೀಕನ ನಷ್ಟವನ್ನೂ ಬರೆದೆ.

ಮ್ಯಾಜಿಸ್ಟ್ರೇಟರು ಓದಿ ಇಟ್ಟುಕೊಂಡು, ವಿಚಾರಣೆಯ ದಿನ ಜಾಮೀನುದಾರರನ್ನು ಹಾಜರುಪಡಿಸಿ, ಆಮೇಲೆ ನೋಡೋಣ ಎಂದರು. ನಾನು ಮತ್ತೆ ಹಳ್ಳಿಗೆ ಹೋಗಿ ಬಾಗಿಲು ಬಾಗಿಲು ತಟ್ಟಿದೆ. ಪಂಚಾಯ್ತಿ ಚೇರ್ಮನ್ನರು ಮುಂದಿನ ವಾರ ಬನ್ನಿ ಎಂದರು. ಅಣ್ಣ ತನ್ನ ಮಕ್ಕಳನ್ನು ತೋರಿಸಿ ಕೈ ಮುಗಿದ. ಮೇಷ್ಟರು, "ಸರ್ಕಾರಿ ನೌಕರರಿ ನಾನು," ಎಂದು ಪೆನ್ನು ಸರಿಮಾಡಿಕೊಂಡರು. ಗೌಡಸಾನಿಯ ಮನೆಯ ಮುಂದೆ ಹೋಗಿ ನಿಂತವನು ಹಿಂದಿರುಗಿದೆ. ತೊಟ್ಟಿಲು ಕಳೆದುಕೊಂಡವರ ಹತ್ತಿರ ಹೋಗಿ ಕಳ್ಳನಿಗೆ ಜಾಮೀನು ನಿಲ್ಲಿ ಎಂದು ಯಾವ ಬಾಯಲ್ಲಿ ಕೇಳಲಿ?

ಯುಗಾದಿಯ ಹಿಂದಿನ ದಿನ ವಿಚಾರಣೆ. ಆಸಾಮಿಯನ್ನು ತಂದು ನಿಲ್ಲಿಸಿದರು. ತಾಯಿ, ಹೆಂಡತಿ ಜಗಲಿಯಲ್ಲಿ ಕೂತಿದ್ದರು. ಜಾಮೀನುದಾರರು ಯಾರೆಂದು ಮ್ಯಾಜಿಸ್ಟ್ರೇಟರು ಕೇಳಿದರು. ತರುಣ ವಕೀಲರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಸರ್ಕಾರಿ ವಕೀಲರು ಆಗಲೇ ಎದ್ದು ನಿಂತಿದ್ದರು.

ಹೊರಗೆ ಜೀಪು ನಿಂತ ಸದ್ದಾಯಿತು. ಗೌಡಸಾನಿ ಬಂದರು. ಹಿಂದೆ ಇಸ್ತ್ರಿ ಹಾಕಿದ ಪ್ಯಾಂಟು ಶರಟಿನ ಮಗ, ಹಬ್ಬಕ್ಕೆಂದು ಊರಿಗೆ ಬಂದವನು. ಅವನ ಮುಖದಲ್ಲಿ ರಕ್ತವಿರಲಿಲ್ಲ. ಆ ಮನೆಯ ಹೆಣ್ಣುಮಕ್ಕಳು ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಜನ ತಾವಾಗಿ ದಾರಿ ಬಿಟ್ಟರು.

"ಜಾಮೀನಿಗೆ ನಾ ನಿಂದರತೀನ್ರಿ," ಎಂದರು. "ನಾಳಿಂದ ಇಂವ ನಮ್ಮ ಮನಿ ವರ್ಷದ ಆಳು."

ಮ್ಯಾಜಿಸ್ಟ್ರೇಟರು ಕಡತ ತಿರುವಿದರು. "ಇವನು ಮೊದಲು ಕದ್ದದ್ದು ನಿಮ್ಮ ಮನೆಯಲ್ಲೇ ಅಂತಿದೆಯಲ್ಲ ತಾಯಿ."

"ಹೌದ್ರಿ. ತೊಟ್ಟಲಾ ನಂದು. ಅಟ್ಟದ ಕದಾ ತಗದಾಂವ ನನ್ನ ಮಗ. ಒಂದೊಂದ ತುಂಡು ಕೆಳಗ ಇಳಿಸಿ ಕೊಟ್ಟಾಂವ ನನ್ನ ಮಗ. ಇಂವ ಗ್ವಾಡಿ ಹೊರಗ ನಿಂತು ಹಿಡಕೊಂಡ. ಒಳಗಿದ್ದಾಂವ ಸಾಹೇಬ ಆದ, ಹೊರಗ ನಿಂತಾಂವ ಕಳ್ಳ ಆದ. ಇಬ್ಬರನ್ನೂ ಬಲ್ಲಾಕಿ ನಾನೊಬ್ಬಾಕಿ ಇನ್ನೂ ಅದೀನಿ."

ಹವಾಲ್ದಾರರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಮ್ಯಾಜಿಸ್ಟ್ರೇಟರು ನನ್ನ ವರದಿಯ ಒಂದು ಪುಟವನ್ನು ಹುಡುಕಿ ತೆಗೆದು, ಓದಿ, ತಲೆಯೆತ್ತಿ ನನ್ನನ್ನೊಮ್ಮೆ ನೋಡಿದರು. ಗೌಡಸಾನಿ ಹಿಂದೆ ತಿರುಗದೆ ಕೈ ಮಾತ್ರ ಚಾಚಿ, "ಬಾ ಇಲ್ಲಿ. ನೀನೂ ಸಹಿ ಹಾಕು," ಎಂದರು. ಮಗ ಬಂದ. ತಾಯಿ ಹೆಬ್ಬೆಟ್ಟು ಒತ್ತಿದ ಜಾಗದ ಕೆಳಗೆ ಅವನು ಸಹಿ ಹಾಕಿದ. ತಲೆಯೆತ್ತಿದಾಗ ಆಸಾಮಿ ಅವನನ್ನೇ ನೋಡುತ್ತಿದ್ದ.

ನಾನು ಆಮೇಲೆ ಬಹಳ ಕೋರ್ಟು ನೋಡಿದೆ, ದೊಡ್ಡ ದೊಡ್ಡ ವಕೀಲರ ವಾದ ಕೇಳಿದೆ. ಅಂಥ ಮಾತನ್ನು ಮತ್ತೆ ಕೇಳಲಿಲ್ಲ. ಯಾರೂ ಬಲವಂತ ಮಾಡಿರಲಿಲ್ಲ, ಯಾವ ಸಾಕ್ಷಿಯೂ ಅವರ ಮಗನ ಹೆಸರು ಹೇಳುತ್ತಿರಲಿಲ್ಲ. ಮನೆತನದ ಮರ್ಯಾದೆಯನ್ನು ಕೈಯಾರೆ ತಂದು ಮೇಜಿನ ಮೇಲಿಟ್ಟು ಹೋದರು. ಆ ದಿನ ನನಗಾದ ಬೆರಗು ಇವತ್ತಿಗೂ ಇಳಿದಿಲ್ಲ.

ಆದೇಶವಾಯಿತು. ಒಂದು ವರ್ಷ ನನ್ನ ನಿಗಾ, ಒಳ್ಳೆಯ ನಡತೆಯ ಮುಚ್ಚಳಿಕೆ, ಪಂಪಿನ ಮಾಲೀಕನಿಗೆ ಪರಿಹಾರ. ವರ್ಷ ಸಲೀಸಾಗೇನೂ ಕಳೆಯಲಿಲ್ಲ. ಮಳೆಗಾಲದಲ್ಲಿ ಊರಿನಲ್ಲಿ ಒಂದು ಬೆಲ್ಟು ಕಾಣೆಯಾದಾಗ ಪೇದೆ ಎಂದಿನಂತೆ ಅವನ ಮನೆಗೇ ಬಂದ. ಗೌಡಸಾನಿ ತಾವೇ ಆ ಬಾಗಿಲಿಗೆ ಬಂದು, ನಿನ್ನೆ ಇಡೀ ದಿನ ಆತ ತಮ್ಮ ಹೊಲದಲ್ಲಿದ್ದ, ಬೇರೆ ಕಡೆ ಹುಡುಕಿ ಎಂದರು. ಪೇದೆ ಬೇರೆ ಕಡೆ ಹುಡುಕಿದ, ಬೆಲ್ಟು ಸಿಕ್ಕಿತು. ಒಂದು ತಿಂಗಳು ಆಸಾಮಿ ನನ್ನ ಮುಂದೆ ಹಾಜರಾಗದೆ ಸತಾಯಿಸಿದ, ಬೈದೆ. ಊರಿನವರು ಅವನನ್ನು ಕಳ್ಳ ಅನ್ನುವುದನ್ನು ಬಿಟ್ಟಿದ್ದರು, ಆದರೆ ಬೇರೆ ಏನೆನ್ನಬೇಕೆಂದು ತಿಳಿಯದೆ ಸುಮ್ಮನಿದ್ದರು.

ನಿಗಾದ ಅವಧಿ ಮುಗಿಯುವ ಮುಂಚಿನ ಕೊನೆಯ ಭೇಟಿ ಹೋಳಿಯ ಹೊತ್ತಿಗೆ ಬಿತ್ತು. ನಾನೇ ಬೀಳುವ ಹಾಗೆ ಮಾಡಿಕೊಂಡೆ ಎನ್ನಿ. ಬೆಳಿಗ್ಗೆ ಓಣಿಗೆ ಹೋದರೆ ಅವನು ಮನೆಯ ಮುಂದೆ ನಿಂತು ಅತ್ತಿತ್ತ ನೋಡುತ್ತಿದ್ದ. ಅಂಗಳದಲ್ಲಿ ಹತ್ತಿಕಟ್ಟಿಗೆಯಿಲ್ಲ, ಜಾಲಿಯ ಬೊಡ್ಡೆಯಿಲ್ಲ, ಒಂದು ಕುಳ್ಳೂ ಇಲ್ಲ. ಬಾಗಿಲ ಪಕ್ಕದ ಗೋಡೆಗೆ ಒರಗಿಸಿಡುತ್ತಿದ್ದ ಹೊರಸೂ ಇಲ್ಲ. ಮುದುಕಿ ತಾಯಿ ಹೊಸ್ತಿಲಲ್ಲಿ ಕೂತು, ಆ ಹುಡುಗರ ವಂಶವನ್ನೆಲ್ಲ ಸೇರಿಸಿ ಓಣಿಗೆ ಕೇಳುವಂತೆ ಬೈಯುತ್ತಿದ್ದಳು. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಬೈಗಳು ನಿಲ್ಲುತ್ತಿರಲಿಲ್ಲ.

ಏನು ಕಳವಾಗಿದೆಯೆಂದು ಕೇಳುವುದು ನನ್ನ ಕೆಲಸ. ಕೇಳಿದೆ.

ಅವನು ನನ್ನತ್ತ ತಿರುಗಿದ. "ಕಳವೇನೂ ಆಗಿಲ್ರಿ ಸಾಹೇಬ್ರ," ಎಂದ. "ಎಲ್ಲಾ ಕಾಮಣ್ಣಗ ಹೋತ್ರಿ."